ಸೆರಗು ಹಿಡಿದು ಹಿಂದೆ ನಡೆದವರು

ಸಂಜೆ ಐದೂಕಾಲಿಗೆ, ಸವದತ್ತಿ ಕೋಟೆಯ ಗೋಡೆಯ ಮೇಲೆ, ನನ್ನ ಸೆರಗು ಒಮ್ಮೆ ಬಿಗಿಯಾಗಿ ಜಗ್ಗಿತು. ಮರುಕ್ಷಣ ಸಡಿಲಾಯಿತು. ನನ್ನ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಕ್ಯಾಮೆರಾಕ್ಕೆ ಅಂಟಿತ್ತು. ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿದ್ದ ಯಜಮಾನರು ಇರಲಿಲ್ಲ.

ನಾವು ಫೋಟೋ ತೆಗೆಯುತ್ತಿದ್ದ ರೀತಿಯೇ ಹಾಗಿತ್ತು. ಧಾರವಾಡದಲ್ಲಿ ಕಾಲೇಜು ಓದುವಾಗ ಸೋದರಮಾವ ಒಂದು ಕ್ಯಾಮೆರಾ ಕೊಡಿಸಿದ್ದ. ಆಗ ಹತ್ತಿದ ಹುಚ್ಚು ಅದು. ಬೈಲಹೊಂಗಲಕ್ಕೆ ಮದುವೆಯಾಗಿ ಬಂದು ಶಾಲೆಯ ನೌಕರಿ, ಮಕ್ಕಳು, ಮನೆ ಎನ್ನುವ ಗಡಿಬಿಡಿಯಲ್ಲಿ ಕ್ಯಾಮೆರಾ ಟ್ರಂಕು ಸೇರಿತು; ತೊಂಬತ್ತರ ದಶಕವಿಡೀ ಅಲ್ಲೇ ಇತ್ತು. ಎರಡು ಸಾವಿರ ದಾಟಿದ ಮೇಲೆ ನಾನು ನಿವೃತ್ತಳಾದಾಗ ಅದನ್ನು ತೆಗೆದು ಒರೆಸಿ ಕೈಗೆ ಕೊಟ್ಟವರು ಯಜಮಾನರೇ. ರವಿವಾರ ಬಂತೆಂದರೆ ಕಿತ್ತೂರಿಗೋ ನೇಸರಗಿ ಕಡೆಯ ಹೊಲಗಳಿಗೋ ಬಸ್ಸು ಹತ್ತುತ್ತಿದ್ದೆವು.

ಎಲ್ಲವೂ ಚೌಕಟ್ಟಿನೊಳಗೆ ಹಿಡಿಸಬೇಕೆಂದು ನಾನು ಹಿಂದೆ ಹಿಂದೆ ಸರಿಯುವವಳು. ಕಿತ್ತೂರಿನಲ್ಲಿ ಒಮ್ಮೆ ಎಮ್ಮೆಗೆ ಡಿಕ್ಕಿ ಹೊಡೆದೆ. ಅಂದಿನಿಂದ ಅವರು ನನ್ನ ಸೆರಗಿನ ತುದಿ ಹಿಡಿದು ಬೆನ್ನ ಹಿಂದೆ ಇರತೊಡಗಿದರು. “ಬಾ, ಬಾ, ಕಲ್ಲ ಐತಿ, ಎಡಕ್ಕ ಬಾ” ಎನ್ನುವರು. ಅವರ ಕಣ್ಣು ಸದಾ ನನ್ನ ಹಿಮ್ಮಡಿಯ ಮೇಲೆ. ಅಂದರೆ ಅವರೂ ಹಿಮ್ಮುಖವಾಗಿಯೇ ನಡೆಯುತ್ತಿದ್ದರು. ಅವರ ಹಿಂದೆ ಏನಿದೆ ಎಂದು ನೋಡುವವರು ಯಾರೂ ಇರಲಿಲ್ಲ. ಇದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ಸಂಜೆ ಬಗ್ಗಿ ನೋಡಿದರೆ ಗೋಡೆಯಾಚೆ, ಎರಡಾಳೆತ್ತರ ಕೆಳಗೆ, ಕಲ್ಲಿನ ಸಂದಿಯಲ್ಲಿ ಬೆಳೆದ ಒಂದು ಕಂಟಿಯನ್ನು ಅವರು ತಬ್ಬಿಕೊಂಡಿದ್ದರು. ಅದರ ಕೆಳಗೆ ಬರೀ ಬಂಡೆ. ನನ್ನ ಕೂಗು ಕೇಳಿ ಕುರಿ ಕಾಯುತ್ತಿದ್ದ ಇಬ್ಬರು ಓಡಿಬಂದು, ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಒಂದಕ್ಕೊಂದು ಗಂಟು ಹಾಕಿದರು.

“ಅಕ್ಕಾರ, ನೀವ ಈ ಕಡೆ ಕುಂಡರ್ರಿ,” ಎಂದ ಹಿರಿಯವನು. “ಯಜಮಾನ್ರ, ಕಂಟಿ ಬಿಡಬ್ಯಾಡ್ರಿ.”

“ಬಿಟ್ಟ ಎಲ್ಲಿಗೆ ಹೋಗ್ಲೋ ತಮ್ಮಾ,” ಎಂದು ಕೆಳಗಿನಿಂದ ಅವರ ದನಿ ಬಂತು.

ಕಿರಿಯವನು ಇಳಿದು ರುಮಾಲನ್ನು ಅವರ ಸೊಂಟಕ್ಕೆ ಬಿಗಿದ. ಹಿರಿಯವನು ಜಗ್ಗಿದ, ಯಜಮಾನರು ಮೇಲೆ ಬಂದರು. ಬಲಭುಜದ ಎಲುಬು ಮುರಿದಿತ್ತು, ಉಳಿದದ್ದು ತರಚುಗಾಯ.

ಆಮೇಲೆ ಮನೆಯಲ್ಲಿ ಇಬ್ಬರಿಗೂ ನಿದ್ದೆಯಿಲ್ಲ. ಅವರಿಗೆ ಭುಜದ ನೋವು. ನನಗೆ, ಕಣ್ಣು ಮುಚ್ಚಿದರೆ ಸೆರಗು ಜಗ್ಗುತ್ತದೆ, ಸಡಿಲಾಗುತ್ತದೆ. ಈಗಲೂ ಒಮ್ಮೊಮ್ಮೆ ಹಾಗಾಗುತ್ತದೆ. ಅದು ಅವರ ಕೈಯಿಂದ ಜಾರಿತೋ, ಅವರೇ ಬಿಟ್ಟರೋ? ಹಿಡಿದೇ ಇದ್ದಿದ್ದರೆ ನಾನೂ ಹೋಗುತ್ತಿದ್ದೆ. ಕೇಳಲು ಬಾಯಿ ಬರಲಿಲ್ಲ. ಕ್ಯಾಮೆರಾ ಇನ್ನು ಮುಟ್ಟುವುದಿಲ್ಲ ಎಂದಷ್ಟೇ ಹೇಳಿದೆ.

ಭುಜಕ್ಕೆ ಕಟ್ಟು ಹಾಕಿಕೊಂಡೇ ಅವರು ರಾಮದುರ್ಗಕ್ಕೆ, ತಂಗಿಯ ಮನೆಗೆ, ಹೊರಟರು. ನಾನೂ ಹೋದೆ. ಅಲ್ಲಿ ಅವರ ಚೀಲದಿಂದ ಕ್ಯಾಮೆರಾ ಹೊರಬಂತು.

“ರೀಲಿನಾಗ ಇನ್ನೂ ನಾಕೈದು ಉಳದಾವ. ಅವು ಮುಗೀಲಾರದ ತೊಳ್ಯಾಕ ಹೆಂಗ ಕೊಡೂದು? ನಾ ಬೀಳೂದು ಬಂದೈತೋ ಇಲ್ಲೋ ನೋಡಬೇಕು.”

“ಹುಚ್ಚ ಹಿಡದೈತೇನ್ರಿ ನಿಮಗ?”

“ತಗೀರಿ ವೈನಿ,” ಎಂದಳು ನಾದಿನಿ. “ಅಣ್ಣನ್ನ ಒಂದ ಕಡೆ ಕುಂಡ್ರಸಾಕ ಇದೊಂದ ದಾರಿ.”

ನಮಗೆಲ್ಲ ಅರ್ಧ ರೀಲನ್ನು ಸ್ಟುಡಿಯೋಕ್ಕೆ ತೊಳೆಯಲು ಕೊಡುವುದೆಂದರೆ ತಾಟಿನಲ್ಲಿ ಅನ್ನ ಬಿಟ್ಟು ಏಳುವ ಹಾಗೆ. ಕ್ಯಾಮೆರಾ ತೆಗೆದುಕೊಂಡೆ. ಶೇಂಗಾ ಸುಲಿಯುತ್ತಿದ್ದ ನಾದಿನಿ, ಪಕ್ಕದ ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಮುದುಕಿ. ಇಬ್ಬರನ್ನೂ ತೆಗೆದೆ. ಹಿಂದೆ ಮಾತ್ರ ಸರಿಯಲಿಲ್ಲ. ಚೌಕಟ್ಟಿಗೆ ಹಿಡಿಸದ್ದನ್ನು ಹೊರಗೆ ಬಿಟ್ಟೆ. ಇಷ್ಟು ಹತ್ತಿರದಿಂದ ನಾನು ಯಾರ ಮುಖವನ್ನೂ ತೆಗೆದಿರಲಿಲ್ಲ. ಮುದುಕಿಯ ಹುಬ್ಬಿನಲ್ಲಿ ನೂಲಿನ ಎಳೆ ಸಿಕ್ಕಿಕೊಂಡಿತ್ತು.

ಕೊನೆಯದು ಅವರದು. ಗೋಡೆಗೆ ಒರಗಿ ಕುಳಿತಿದ್ದರು. ನನ್ನ ಮುಖಕ್ಕೆ ಕ್ಯಾಮೆರಾ ಅಡ್ಡ ಇದ್ದುದರಿಂದ ಕೇಳುವ ಧೈರ್ಯ ಬಂತು.

“ಆವತ್ತ ಸೆರಗ ಜಾರಿತೇನ್ರಿ, ನೀವ ಬಿಟ್ರೇನು?”

ಭುಜದ ಕಟ್ಟು ಸರಿಮಾಡಿಕೊಂಡರು.

“ನಾನ ಬಿಟ್ನಿ,” ಎಂದರು. ಆಮೇಲೆ, “ಕ್ಯಾಮೆರಾ ನಿನ್ನ ಕೊಳ್ಳಾಗ ಇತ್ತಲಾ. ಈಗ ಅಂಥಾದ್ದ ಎಲ್ಲಿ ಸಿಗತೈತಿ?”

ನಾದಿನಿ ಬಿದ್ದು ಬಿದ್ದು ನಕ್ಕಳು. ನಾನು ಗುಂಡಿ ಒತ್ತಿದೆ.

ಆ ದಿನ ರಾತ್ರಿ ಊಟ ಮಾಡಿ ಪಡಸಾಲೆಯಲ್ಲಿ ಕೌದಿ ಹಾಸಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಕಾಲಿನವರೆಗೆ ಬಂದಿತ್ತು. ಅವರು ಇನ್ನೂ ಗೊರಕೆ ಹೊಡೆಯುತ್ತಿದ್ದರು. ನಾದಿನಿ ನಮ್ಮ ಚಹಾವನ್ನು ಎರಡನೇ ಸಲ ಬಿಸಿಗಿಟ್ಟಿದ್ದಳು.