ತೊಟ್ಟೆಯೊಳಗೆ ತೆರೆಯುತ್ತಿದ್ದ ಸ್ವಿಚ್ಚು

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪವಾಗಿ, ಅಂಚಿನಲ್ಲಿ ಕಪ್ಪಾಗಿ, ಸಣ್ಣ ಚಮಚದ ಹಾಗೆ ಮುಂದಕ್ಕೆ ಬೆಳೆದಿತ್ತು. ಸ್ಕ್ರೂಡ್ರೈವರ್ ತೂರಿಸಿದರೆ ಹಳೆ ಪ್ಲಾಸ್ಟಿಕ್ ಒಡೆಯುತ್ತದೆಂದು ಕಾರಿನ ಸ್ವಿಚ್ಚುಗಳನ್ನೆಲ್ಲ ಆ ಉಗುರಿನಿಂದಲೇ ಬಿಡಿಸುತ್ತಿದ್ದರು. ಜೆಪ್ಪುವಿನಲ್ಲಿ ಅವರದೊಂದು ಶೀಟು ಹೊದೆಸಿದ ಅಂಗಡಿ. ಹಳೆ ಕಾರು ಇಟ್ಟುಕೊಂಡ ನಮಗೆಲ್ಲ ಅವರು ‘ವಯರಿಂಗ್ ಅಣ್ಣ’.

ನನ್ನದು ಇಪ್ಪತ್ತು ವರ್ಷ ಹಳೆಯ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. ಆಸೆಪಟ್ಟು ಕೊಂಡದ್ದು, ಕೊಂಡ ಮೇಲೆ ಜೀವ ತಿಂದದ್ದು. ಡ್ರೈವರ್ ಬದಿಯ ಗಾಜು ಇಳಿದರೆ ಏರುತ್ತಿರಲಿಲ್ಲ. ಸ್ವಿಚ್ಚು ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಜೂನ್ ತಿಂಗಳಲ್ಲಿ ಉರ್ವದಿಂದ ಬೈಕಂಪಾಡಿಯ ಆಫೀಸಿಗೆ ಮಳೆನೀರಿಗೆ ತೊಡೆಯ ಮೇಲೆ ಬೈರಾಸು ಟವೆಲು ಹಾಸಿಕೊಂಡು ಹೋಗುವ ಕರ್ಮ ಯಾರಿಗೂ ಬೇಡ. ಹೊಸ ಸ್ವಿಚ್ಚು ಎಲ್ಲೂ ಸಿಗುವುದಿಲ್ಲ.

“ಹೊಸತು ಎಂತಕ್ಕೆ ಮಾರಾಯ್ರೆ? ಇದರೊಳಗೆ ಉಪ್ಪುಗಾಳಿಯ ಕಿಲುಬು ಉಂಟು, ಬೇರೆಂತ ಇಲ್ಲ,” ಎಂದರು ಅವರು. ಸ್ವಿಚ್ಚನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ, ನಮ್ಮ ಕಡೆಯ ತೊಟ್ಟೆಗೆ, ಹಾಕಿ, ಎರಡೂ ಕೈ ಅದರೊಳಗೆ ತೂರಿಸಿ, “ಬಲ ಮಗಾ, ಬಲ”, ಬಾ ಮಗಾ ಬಾ, ಎಂದು ತುಳುವಿನಲ್ಲಿ ಕರೆಯುತ್ತಾ ಒಳಗೇ ತೆರೆದರು. ಅಕ್ಕಿಕಾಳಿನಷ್ಟು ಸ್ಪ್ರಿಂಗೊಂದು ಚಿಮ್ಮಿ ತೊಟ್ಟೆಗೆ ಬಡಿದು ಅದರಲ್ಲೇ ಬಿತ್ತು. ಸವೆದು ಕಪ್ಪಾದ ತಾಮ್ರದ ತುದಿಗಳನ್ನು ಶಾಲೆಮಕ್ಕಳ ರಬ್ಬರಿನಿಂದ ಉಜ್ಜುತ್ತಾ ಕೂತರು. ಅವರ ‘ನಾಳೆ ಬನ್ನಿ’ ಮುಗಿಯಲು ಹದಿನೆಂಟು ದಿನ ಬೇಕಾಯಿತು. ಫೋನು ಮಾಡಿದರೆ, “ಗಡಿಬಿಡಿ ಮಾಡಿದ್ರೆ ಅದು ಕೇಳುದಿಲ್ಲ,” ಎನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಗಾಜು ಸದ್ದಿಲ್ಲದೆ ಏರಿತು, ಒಪ್ಪಲೇಬೇಕು.

ಮರುವರ್ಷದ ಮಳೆಗಾಲಕ್ಕೆ ಅದೇ ಗೋಳು. ಇನ್ನೂ ಹದಿನೆಂಟು ದಿನ ಕಾಯುವವ ನಾನಲ್ಲ ಎಂದು ಊಟದ ಮೇಜಿನ ಮೇಲೆ ನಾನೇ ತೆರೆದೆ. ತೊಟ್ಟೆಗಿಟ್ಟೆ ಯಾರಿಗೆ ಬೇಕು? ಸ್ಪ್ರಿಂಗ್ ಹಾರಿತು. ಮನೆಯೆಲ್ಲ ಗುಡಿಸಿದರೂ ಸಿಗಲಿಲ್ಲ. ಅದಿಲ್ಲದೆಯೇ ಮುಚ್ಚಿ ಕಾರಿಗೆ ಕೂರಿಸಿದೆ. ಒತ್ತಿದ ಗುಂಡಿ ವಾಪಸು ಬರಲಿಲ್ಲ. ಗಾಜು ಏರಿ ನಿಂತ ಮೇಲೂ ಮೋಟಾರು ಎಳೆಯುತ್ತಲೇ ಇದ್ದು ಸುಟ್ಟುಹೋಯಿತು. ಆ ಉರಿಯಲ್ಲಿ ನಮ್ಮ ಹಳೆ ಕಾರಿನವರ ವಾಟ್ಸಾಪ್ ಗುಂಪಿಗೆ ಬರೆದೆ: “ವಯರಿಂಗ್ ಅಣ್ಣ ಕೈ ಹಾಕಿದ ಸ್ವಿಚ್ಚಿನಿಂದ ನನ್ನ ಮೋಟಾರು ಹೋಯಿತು.” ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಹಾಕಿದ್ದು ಹೌದಲ್ಲ!

ಕೊನೆಗೆ ಹೋಗಬೇಕಾದದ್ದು ಅವರ ಬಳಿಗೇ. ತೊಟ್ಟೆಯೊಳಗೆ ತೆರೆದು, ಅಲುಗಾಡಿಸಿ ನೋಡಿದರು.

“ಇದರ ಸ್ಪ್ರಿಂಗ್ ಎಲ್ಲಿ?”

“ನನಗೆಂತ ಗೊತ್ತು? ನೀವೇ ಅಲ್ವಾ ತೆರೆದದ್ದು?”

ನನ್ನ ಮುಖ ನೋಡಿದರು. ಗುಜರಿ ಡಬ್ಬದಿಂದ ಬೇರೆ ಸ್ಪ್ರಿಂಗ್ ಹುಡುಕಿ ಹಾಕಿದರು, ಎಲ್ಲಿಂದಲೋ ಹಳೆ ಮೋಟಾರೊಂದನ್ನೂ ಹೊಂದಿಸಿದರು. ಹೊರಡುವಾಗ ಒಂದು ಖಾಲಿ ತೊಟ್ಟೆ ಮಡಚಿ ನನ್ನ ಕೈಗಿಟ್ಟು, “ಇನ್ನೊಮ್ಮೆ ತೆರೆಯುವಾಗ ಇದು ಇರ್ಲಿ,” ಎಂದರು. ಬೈದಿದ್ದರೆ ಬಚಾವಾಗುತ್ತಿದ್ದೆ. ತೊಟ್ಟೆಯನ್ನು ಕಿಸೆಗೆ ತುರುಕಿ ಕಾರು ಹೊರಡಿಸಿದೆ.

ಗುಂಪಿನಲ್ಲಿ ನಿಜ ಬರೆಯುತ್ತೇನೆ, ಈ ವಾರ ಬರೆಯುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆದೆ. ಅವರ ಅಂಗಡಿಯ ಮುಂದೆ ಕಾರುಗಳು ಕಮ್ಮಿಯಾದದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಕಳೆದ ತಿಂಗಳು ಅವರು ಹೃದಯಾಘಾತದಿಂದ ತೀರಿಕೊಂಡರು. ಗುಂಪಿನ ತುಂಬ ಕೈಮುಗಿದ ಚಿತ್ರಗಳು. ನಡುವೆ ಒಬ್ಬರು ಬರೆದಿದ್ದರು: “ಪಾಪ, ಒಳ್ಳೆ ಜನ. ಕೊನೆಕೊನೆಗೆ ಕೈ ಸ್ವಲ್ಪ ತಪ್ಪುತ್ತಿತ್ತು, ಅಷ್ಟೆ.” ಹತ್ತಾರು ಮಂದಿ ಅದಕ್ಕೆ ಹೌದೆಂದಿದ್ದರು.

ಅವರ ಕೈ ತಪ್ಪಿದ್ದನ್ನು ಇವರಲ್ಲಿ ಒಬ್ಬರಾದರೂ ನೋಡಿದ್ದಾರಾ? ಓದಿದ್ದು ನನ್ನ ಒಂದು ಸಾಲು. ಥೂ, ನನ್ನ ಜನ್ಮಕ್ಕಿಷ್ಟು! ನಿನ್ನೆ ಕೂತು ಉದ್ದಕ್ಕೆ ಬರೆದೆ: ತೆರೆದದ್ದು ನಾನು, ಸ್ಪ್ರಿಂಗ್ ಕಳೆದದ್ದು ನಾನು, ಅವರ ಮೇಲೆ ಹಾಕಿದ್ದೂ ನಾನು. ಎರಡು ನಿಮಿಷದಲ್ಲಿ ಉತ್ತರ ಬಂತು.

“ತೀರಿಹೋದವರ ಹೆಸರು ಉಳಿಸ್ಲಿಕ್ಕೆ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ತೀರಲ್ಲ, ನಿಮ್ಮದು ದೊಡ್ಡ ಮನಸ್ಸು ಮಾರಾಯ್ರೆ.”