ಕಚ್ಚಾ ರಿಪೇರಿ

ನನ್ನ ಅಂಬಾಸಿಡರ್ ಕಾರಿಗೆ ಕಾಯಿಲೆ ಬಂದದ್ದು ಅಕ್ಕ ತೀರಿಕೊಂಡ ವರ್ಷ. ಬಸವಕಲ್ಯಾಣದ ಆ ಮನೆಯಲ್ಲಿ ಇದ್ದವರು ನಾವಿಬ್ಬರೇ, ಇಬ್ಬರೂ ಮದುವೆಯಾಗದವರು. ಅವಳು ಹೋದ ಮೇಲೆ ಮನೆಯಲ್ಲಿ ಸದ್ದು ಮಾಡುವುದಕ್ಕೆ ಉಳಿದದ್ದು ಕುಕ್ಕರು ಮತ್ತು ಈ ಕಾರು. ಒಂದು ಬೆಳಿಗ್ಗೆ ನೋಡಿದರೆ ಬಾನೆಟ್ಟಿನ ಕೆಳಗೆ ನೆಲ ಒದ್ದೆ, ಅಂಗಳದ ತುಂಬ ಪೆಟ್ರೋಲ್ ವಾಸನೆ.

ಕಾರು ನನ್ನ ಕೈಗೆ ಬಂದ ಕತೆಯನ್ನೂ ಹೇಳಬೇಕು. ನಾನು ಗುಮಾಸ್ತೆಯಾಗಿದ್ದ ಸರ್ಕಾರಿ ಕಚೇರಿಯ ಕಾರು ಅದು. ಹಿಂದಿನ ಸೀಟಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಅವರ ಊಟದ ಡಬ್ಬಿ. ಫೈಲು ಹೊತ್ತ ನಾನು ಮಾತ್ರ ಬಸ್ಸಿನಲ್ಲಿ. ಡಬ್ಬಿಗಿದ್ದ ಮರ್ಯಾದೆ ನನಗಿರಲಿಲ್ಲ. ಆ ಕಾರು ಹರಾಜಿಗೆ ಬಂದಾಗ ಹಟ ಹಿಡಿದು ನಾನೇ ಕೂಗಿ ಕೊಂಡೆ, ಆಮೇಲೆ ಓಡಿಸುವುದನ್ನು ಕಲಿತೆ. ಮೊದಲ ದಿನ ಅಕ್ಕನನ್ನು ಸಾಹೇಬರ ಜಾಗದಲ್ಲೇ ಕೂರಿಸಿ ಊರೆಲ್ಲ ಸುತ್ತಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಸೋರುವ ಕಾರನ್ನು ನೋಡಿ ನಮ್ಮೂರಿನ ಗ್ಯಾರೇಜಿನವರು, "ಗುಜರಿಗಿ ಹಾಕ್ರಿ ಮೇಡಂ" ಎಂದರು. ನನಗೆ ಮೈಯೆಲ್ಲ ಉರಿಯಿತು. ಹುಮನಾಬಾದಿನಲ್ಲಿ ಹಳೆಯ ಗಾಡಿಗಳ ನಾಡಿ ಬಲ್ಲ ಉಸ್ತಾದರೊಬ್ಬರು ಇದ್ದಾರೆಂದು ಪೆಟ್ರೋಲ್ ಬಂಕಿನವನು ಹೇಳಿದ. ಸೋರುವ ಜಾಗಕ್ಕೆ ಅವನಿಂದಲೇ ತುಂಡು ಪೈಪು ಕಟ್ಟಿಸಿಕೊಂಡು ಹೊರಟೆ.

ಹೆದ್ದಾರಿಯ ಬದಿಗೆ ಒಂದು ತಗಡಿನ ಶೆಡ್ಡು, ಅದರೊಳಗೆ ಬಿಳಿ ಗಡ್ಡದ ಒಬ್ಬರೇ ಮನುಷ್ಯ. ಬಾನೆಟ್ ಎತ್ತಿ ಹಳೆಯ ರಬ್ಬರ್ ಪೈಪನ್ನು ಬಿಚ್ಚಿ ಬೆರಳಲ್ಲಿ ಬಗ್ಗಿಸಿದರು. ಅದು ಬಿರುಕುಬಿಟ್ಟು, ಮುಟ್ಟಿದ ಕಡೆ ಅಂಟಂಟಾಗಿತ್ತು.

"ಗಾಡಿ ಖರಾಬ್ ಆಗಿಲ್ಲ ಆಪಾ. ಪೆಟ್ರೋಲ್ ಬದಲಾಗ್ಯದ. ಈಗ ಅದರಾಗ ಕಬ್ಬಿನ ಸ್ಪಿರಿಟ್ ಕೂಡಸ್ತಾರ, ಎಥನಾಲ್. ಹೊಸ ಗಾಡಿಗಿ ಏನೂ ಆಗಲ್ಲ. ಈ ಹಳೀ ರಬ್ಬರಿಗಿ ಅದು ಒಗ್ಗಲ್ಲ ನೋಡ್ರಿ."

ಮೊದಲ ಭೇಟಿಯಲ್ಲೇ ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆದರು. ನಾನು ಯಾರಿಗೂ ಅಕ್ಕನಾಗಿರಲಿಲ್ಲ, ಮನೆಗೆ ಕಿರಿಯವಳು. ಅವರು ಇನ್ನೊಂದು ಮಾತನ್ನೂ ಹೇಳಿದರು. "ಬಾಳ ದಿನ ನಿಂದರಸಿ ಇಡಬ್ಯಾಡ್ರಿ. ನಿಂತ ಗಾಡಿ ನೀರು ಕುಡೀತದ." ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದಂತೆ. ನೀರು ಟಾಂಕಿಯ ತಳಕ್ಕಿಳಿದು ತುಕ್ಕು ಹಿಡಿಸುತ್ತದಂತೆ. ಸಂಜೆ ಮನೆಗೆ ಬಂದು ಬೀಗ ತೆಗೆಯುವಾಗ, ಅವರು ಕಾರಿನ ವಿಷಯ ಹೇಳಿದರೋ ನನ್ನ ವಿಷಯವೋ ಎಂಬ ಅನುಮಾನ ಬಂತು.

ಅವತ್ತು ರಿಪೇರಿಗೆ ಕೈ ಹಾಕುವ ಮೊದಲು ಅವರು ಕೇಳಿದ ಪ್ರಶ್ನೆ ಇದು: "ಕಚ್ಚಾ ಮಾಡ್ಲ್ಯಾ, ಪಕ್ಕಾ ಮಾಡ್ಲ್ಯಾ?"

ಕಚ್ಚಾ ಎಂದರೆ ಮತ್ತೆ ಅದೇ ಮಾಮೂಲಿ ರಬ್ಬರ್. ಕೆಲವು ತಿಂಗಳು ಬಾಳಿ ಮತ್ತೆ ಮೆತ್ತಗಾಗುತ್ತದೆ. ಪಕ್ಕಾ ಎಂದರೆ ಎಥನಾಲನ್ನು ತಡೆಯುವ, ಮೇಲೆ ತಂತಿಯ ಹೆಣಿಗೆ ಇರುವ ಪೈಪು. ಹೈದರಾಬಾದಿನಿಂದ ತರಿಸಬೇಕು. ಫೈಲುಗಳ ಮೇಲೆ 'ತಾತ್ಕಾಲಿಕ' ಎಂದು ಬರೆಯುವುದರಲ್ಲೇ ಸರ್ವಿಸ್ ಮುಗಿಸಿದ ನಾನು, "ಸದ್ಯಕ್ಕ ಕಚ್ಚಾ ಮಾಡ್ರಿ" ಎಂದೆ.

ಕೆಲಸ ಮುಗಿಯುವ ತನಕ ಯಾವುದೋ ಜೀಪಿನಿಂದ ಕಿತ್ತು ಗೋಡೆಗೆ ಆನಿಸಿದ್ದ ಸೀಟಿನ ಮೇಲೆ ನನ್ನನ್ನು ಕೂರಿಸಿದರು. ಎದುರಿನ ಹೋಟೆಲಿನಿಂದ ಚಹಾ ಬಂತು. "ಸಕ್ಕರಿ ಸಾಕ್ರೀ?" ಎಂದು ಕೇಳಿದರು. ಆ ವಾರವಿಡೀ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಸಾಕು ಎಂದೆ, ಆ ಚಹಾವನ್ನು ಆದಷ್ಟು ನಿಧಾನವಾಗಿ ಕುಡಿದೆ.

ಆಮೇಲೆ ಕಾರು ನನ್ನನ್ನು ಕೈಬಿಡಲಿಲ್ಲ. ಒಮ್ಮೆ ಪೈಪು, ಒಮ್ಮೆ ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನೊಳಗಿನ ರಬ್ಬರ್ ಪರದೆ, ಇನ್ನೊಮ್ಮೆ ಕಾರ್ಬೊರೇಟರಿನ ತಳದಲ್ಲಿ ಬಿಳಿ ಪುಡಿ. ಒಂದಲ್ಲ ಒಂದು ನೆಪ ಸಿಗುತ್ತಿತ್ತು. ದಾರಿಯಲ್ಲಿ ರಾಜೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ, ನನ್ನ ಪೈಪನ್ನು ತಿನ್ನುವ ಮಹಾಶಯ ಮುಂದೆಯೇ ಹೋಗುತ್ತಿದ್ದಾನೆ ಎಂದು ನಗು ಬರುತ್ತಿತ್ತು. ಬೈಯಬೇಕಾದವನಿಗೆ ಮನಸ್ಸಿನಲ್ಲೇ ಸಲಾಂ ಹೊಡೆಯುತ್ತಿದ್ದೆ. ಶೆಡ್ಡಿನಲ್ಲಿ ನಾವು ಆಡುತ್ತಿದ್ದ ಮಾತೂ ದೊಡ್ಡದೇನಲ್ಲ. ತೊಗರಿಯ ಧಾರಣೆ, ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಬರುವ ಕೆಟ್ಟ ವಾಸನೆ, ತೀರಿಕೊಂಡ ಅವರ ಹೆಂಡತಿ ಮಾಡುತ್ತಿದ್ದ ಖಿಚಡಿ, ನನ್ನ ಅಕ್ಕನ ಸಿಟ್ಟು. ಕೊನೆಗೆ ಅದೇ ಪ್ರಶ್ನೆ, ಅದೇ ಉತ್ತರ. ಕಚ್ಚಾ ಸಾಕ್ರಿ ಉಸ್ತಾದ್.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಕಾರಿಗೆ ಏನೂ ಆಗಲಿಲ್ಲ. ಎರಡು ತಿಂಗಳು ಕಾದೆ. ದಿನಾ ಬಾನೆಟ್ ಎತ್ತಿ ನೋಡಿದರೆ ಪೈಪು ಒಣಗಿ ಠಣಠಣ. ಸಿಟ್ಟು ಬಂತು. ಒಂದು ಬೆಳಿಗ್ಗೆ ಅಕ್ಕನ ಹೊಲಿಗೆ ಡಬ್ಬಿಯಿಂದ ಗೋಣಿ ಹೊಲಿಯುವ ದಪ್ಪ ಸೂಜಿಯನ್ನು ತೆಗೆದು ಪೈಪಿಗೆ ಚುಚ್ಚಿದೆ. ಇದಕ್ಕಿಂತ ದಡ್ಡತನದ ಕೆಲಸವನ್ನು ಜೀವಮಾನದಲ್ಲಿ ಮಾಡಿಲ್ಲ. ಮಾಡುವಾಗ ಮಾತ್ರ ಮನಸ್ಸಿಗೆ ಹಬ್ಬ.

ಉಸ್ತಾದರು ಪೈಪನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಲಿ ಕಡದದ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನಮ್ಮ ಮನ್ಯಾಗ ಇಲಿ ಬಾಳ ಅವರಿ" ಎಂದು ಅವಸರದಲ್ಲಿ ಹೇಳಿದೆ.

"ಹಂಗಾರ ಆ ಇಲಿಗಿ ಹೇಳ್ರಿ ಆಪಾ. ಕಾದ ಇಂಜಿನ್ ಮ್ಯಾಲ ಪೆಟ್ರೋಲ್ ಹನಿ ಬಿದ್ರ ಗಾಡಿ ಒಂದೇ ಸುಡಲ್ಲ."

ಇಲಿಗೆ ಬುದ್ಧಿ ಬಂತು. ಮತ್ತೆ ಸೂಜಿ ಮುಟ್ಟಲಿಲ್ಲ. ಮಳೆಗಾಲ ಬಂದು ಟಾಂಕಿಗೆ ನೀರಿಳಿದು ಕಾರು ತಾನೇ ಕೆಟ್ಟಾಗ ಖುಷಿಯಿಂದಲೇ ಹೊರಟೆ.

ಆ ದಿನ ಅವರು ಪ್ರಶ್ನೆಯನ್ನು ಕೇಳಲಿಲ್ಲ. ಟಾಂಕಿ ಇಳಿಸಿ ತೊಳೆದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಧೂಳು ಹಿಡಿದ ಪೊಟ್ಟಣವನ್ನು ಬಿಚ್ಚಿ, ತಂತಿ ಹೆಣೆದ ಪೈಪನ್ನು ಹೊರತೆಗೆದರು. ಪಂಪಿನ ಪರದೆಯನ್ನೂ ಬದಲಿಸಿದರು. ಸ್ಕ್ರೂ ಎರಡು ಸಲ ಅವರ ಕೈಯಿಂದ ಜಾರಿ ಬಿತ್ತು.

"ಇದೇನ್ ಮಾಡಾಕತ್ತೀರಿ ಉಸ್ತಾದ್? ನಾ ಕಚ್ಚಾ ಸಾಕು ಅಂತೀನಲ್ಲ?"

"ಕಚ್ಚಾ ಮಾಡೋರು ಯಾರು ಇರ್ತಾರ ಇನ್ನ? ಕಣ್ಣು ಸರಿ ಕಾಣವಲ್ದು. ಮಗಳು ಜಹೀರಾಬಾದಿಗಿ ಕರ್ಯಾಕತ್ತಾಳ. ಬರೋ ಶುಕ್ರವಾರ, ಜುಮ್ಮಾಕ್ಕ, ಅಂಗಡಿ ಬಂದ್."

ನಾನು ಜೀಪಿನ ಸೀಟಿನ ಮೇಲೆ ಕೂತೆ. ಪೊಟ್ಟಣದ ಕಾಗದ ಬಣ್ಣಗೆಟ್ಟಿತ್ತು. ಯಾವಾಗ ತರಿಸಿದ್ದೆಂದು ಕೇಳಿದೆ. ನೀವು ಎರಡನೇ ಸಲ ಬಂದಾಗಲೇ, ಎಂದರು. ಬಾನೆಟ್ ಮುಚ್ಚಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದರು:

"ಪಕ್ಕಾ ಆಗ್ಯದ. ಇದರಾಗ ಸೂಜಿ ಹೋಗಲ್ಲ. ಗಾಡಿಗಿ ಏನೂ ಆಗಿರ್ಲಿಲ್ಲ ಅಂದ್ರೂ ಬರಬೇಕಿತ್ತು ಆಪಾ, ಚಾ ಕುಡದು ಹೋಗಬೇಕಿತ್ತು. ಸೂಜಿ ಯಾಕ ಬೇಕಿತ್ತು?"

ಎಂಥೆಂಥ ಸಾಹೇಬರಿಗೆ ತಿರುಗಿ ಉತ್ತರ ಕೊಟ್ಟವಳು ನಾನು. ಅವತ್ತು ಎದ್ದು ಹೋಗಿ ಕಾರಿನಲ್ಲಿ ಕೂತೆ. ಚಾವಿ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ರಾಜೇಶ್ವರ ದಾಟುವವರೆಗೆ ತಡೆದುಕೊಂಡು, ಆಮೇಲೆ ಕಾರನ್ನು ಬದಿಗೆ ನಿಲ್ಲಿಸಿ ಅತ್ತೆ. ಅಕ್ಕ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಈಗ ಕಾರು ಬಹಳ ಚೆನ್ನಾಗಿದೆ. ಒಂದು ಹನಿ ಸೋರುವುದಿಲ್ಲ. ನಿಂತ ಗಾಡಿ ನೀರು ಕುಡಿಯುತ್ತದಲ್ಲ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಹುಮನಾಬಾದಿನ ತನಕ ಓಡಿಸಿಕೊಂಡು ಹೋಗಿ, ಮುಚ್ಚಿದ ಶೆಡ್ಡಿನ ಮುಂದೆ ತಿರುಗಿಸಿಕೊಂಡು ಬರುತ್ತೇನೆ. ಅಲ್ಲಿಂದ ಜಹೀರಾಬಾದಿಗೆ ಅದೇ ಹೆದ್ದಾರಿಯಲ್ಲಿ ಹೆಚ್ಚೆಂದರೆ ಒಂದು ಗಂಟೆ. ಅವರ ಮಗಳ ಮನೆಯ ಗುರುತನ್ನೂ ಎದುರಿನ ಹೋಟೆಲಿನವನಿಂದ ಬರೆಸಿಕೊಂಡಿದ್ದೇನೆ, ಚೀಟಿ ಕಾರಿನಲ್ಲೇ ಇದೆ. ಒಂದು ಸಲ ಹುಮನಾಬಾದು ದಾಟಿ ಆ ಕಡೆಗೆ ಸ್ವಲ್ಪ ದೂರ ಹೋದದ್ದೂ ಉಂಟು, ಹೊರಳಿ ಬಂದೆ. ಹೋದರೆ, ಬಾಗಿಲು ತೆಗೆದು "ಗಾಡಿಗಿ ಏನಾಗ್ಯದ ಆಪಾ?" ಎಂದು ಅವರು ಕೇಳುತ್ತಾರೆ. ಏನೂ ಆಗಿಲ್ಲ, ಸುಮ್ಮನೆ ಬಂದೆ ಎನ್ನುವುದನ್ನು ನಾನಿನ್ನೂ ಕಲಿತಿಲ್ಲ.