ಆಟಕ್ಕೊಂದು ಕಂಪ್ಯೂಟರ್, ಜರೀನಾಳಿಗೆ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ರಫೀಕ್ ಮೋಟಾರ್ ರಿವೈಂಡಿಂಗ್ ವರ್ಕ್ಸ್’ ಎಂಬ ಹಳದಿ ಬೋರ್ಡಿನ ಅಂಗಡಿ ಇತ್ತು. ತಂಬ್ರಹಳ್ಳಿ, ಹಂಪಸಾಗರದ ಕಡೆಯ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಅಲ್ಲಿಗೆ ತಂದು ಇಳಿಸುತ್ತಿದ್ದರು. ರಫೀಕ್ ಅವನ್ನು ಬಿಚ್ಚುತ್ತಿದ್ದ, ಬೇರಿಂಗ್ ಬದಲಿಸುತ್ತಿದ್ದ, ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಮಾತ್ರ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ. ಅದು ಮೂರು ಮನೆ ಆಚೆ, ಅವನ ಮನೆಯ ಹಿಂದಿನ ಕೋಣೆಯಲ್ಲಿ, ಹೆಂಡತಿ ಜರೀನಾಳ ಕೈಯಲ್ಲಿ ನಡೆಯುತ್ತಿತ್ತು.

ಮದುವೆಯಾದ ಎರಡನೆಯ ವರ್ಷ ಸುತ್ತುವ ಆಳು ಬಿಟ್ಟುಹೋದಾಗ, ನಾಲ್ಕು ದಿನ ನೀನು ನೋಡಿಕೋ ಎಂದಿದ್ದ ರಫೀಕ್. ಆ ನಾಲ್ಕು ದಿನಕ್ಕೆ ಈಗ ಹದಿನೈದು ವರ್ಷ. ಅಡುಗೆ, ಇಬ್ಬರು ಹೆಣ್ಣುಮಕ್ಕಳ ಊಟದ ಡಬ್ಬಿ, ಬಟ್ಟೆ, ಅತ್ತೆ ಜೋಹರಾಬಿಯ ಮಾತ್ರೆ ಎಲ್ಲ ಮುಗಿಸಿ ಅವಳು ತಂತಿ ಸುತ್ತುವ ಮರದ ಅಚ್ಚಿನ ಮುಂದೆ ಕೂರುವಾಗ ಹನ್ನೊಂದಾಗುತ್ತಿತ್ತು. ತಂತಿಯ ಸುತ್ತು ಎಣಿಸುತ್ತಲೇ ಕುಕ್ಕರಿನ ಸೀಟಿಯನ್ನೂ ಎಣಿಸುತ್ತಿದ್ದಳು. ಸುತ್ತು ತಪ್ಪಿದರೆ ಮೋಟಾರ್ ಸುಡುತ್ತದೆ, ಸೀಟಿ ತಪ್ಪಿದರೆ ಬೇಳೆ. ಮನೆಯವರು ಗಮನಿಸುತ್ತಿದ್ದುದು ಬೇಳೆಯನ್ನು.

ಕೂಲಿಯನ್ನು ಅವಳು ಕೇಳಿರಲಿಲ್ಲ. ಮೋಟಾರಿನಿಂದ ಕಿತ್ತ ಸುಟ್ಟ ತಾಮ್ರ ತನಗಿರಲಿ ಎಂದಷ್ಟೇ ಕೇಳಿದ್ದಳು. ಗುಜರಿಯವನು ಬಂದಾಗ ಅದನ್ನು ತೂಗಿ ಮಾರಿ, ಬಂದದ್ದನ್ನು ಅಂಚೆ ಕಚೇರಿಗೆ ಹಾಕುತ್ತಿದ್ದಳು. ಅದು ಹೆಣ್ಣುಮಕ್ಕಳ ಬಂಗಾರಕ್ಕೆ ಎಂದು ಎಲ್ಲರೂ ತಿಳಿದಿದ್ದರು.

ರಫೀಕನ ತಮ್ಮ ತೌಸೀಫ್ ಊರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಲಿಸುತ್ತಿದ್ದ. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುವವಳು ಜರೀನಾಳೇ. ಅವನು ಉಂಡು ಮುಗಿಸುವ ತನಕ ಸುಮ್ಮನೆ ಯಾಕೆ ಕೂರುತ್ತೀರಿ ಎಂದು ಒಂದು ದಿನ ಕಾರು ಓಡಿಸುವ ಆಟ ಹಚ್ಚಿಕೊಟ್ಟ. ಆಮೇಲೆ ದಿನಾ ಇಪ್ಪತ್ತು ನಿಮಿಷ. ಸೈಕಲ್ ಕೂಡ ತುಳಿದಿರದ ಜರೀನಾ ಬೆಟ್ಟದ ತಿರುವುಗಳಲ್ಲಿ ಕೆಂಪು ಕಾರು ಓಡಿಸಿದಳು. ಅಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಬುತ್ತಿಯಲ್ಲಿ ರೊಟ್ಟಿಯ ಸಂಖ್ಯೆ ಹೆಚ್ಚಿತು. ತೌಸೀಫ್ ನಿಧಾನವಾಗಿ ಉಣ್ಣಲಿ ಎಂದು.

2005ರ ಬೇಸಿಗೆಯಲ್ಲಿ ತೌಸೀಫನಿಗೆ ಹರಪನಹಳ್ಳಿಯಲ್ಲಿ ಕೆಲಸವಾಯಿತು. ಬುತ್ತಿ ನಿಂತಿತು, ಆಟವೂ. ಎರಡು ತಿಂಗಳು ತಡೆದ ಜರೀನಾ ಒಂದು ಭಾನುವಾರ, ತೌಸೀಫನೂ ಊರಿಗೆ ಬಂದು ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದಳು.

“ನಾ ಒಂದು ಕಂಪ್ಯೂಟರ್ ತಗೋತೀನಿ. ತಾಮ್ರದ ರೊಕ್ಕದಾಗ.”

“ಯಾರಿಗೆ?” ಎಂದ ರಫೀಕ್.

“ನನಗ. ಆಡಾಕ.”

ಜೋಹರಾಬಿ ತುತ್ತು ನಿಲ್ಲಿಸಿದರು. “ಇಬ್ರು ಹುಡುಗ್ಯಾರನ್ನ ಹಡದಾಕಿ, ಕಾರಿನ ಆಟ ಆಡ್ತಾಳಂತ! ಮೊದಲು ಸೊಸೀ ತಲಿಗೆ ಒಂದು ಕುಂಚಿಗಿ ಹೊಲಿಸ್ರಪ್ಪಾ, ಕೂಸು ಐತಿ ಇನ್ನಾ.”

ಎಲ್ಲರೂ ನಕ್ಕರು, ಜರೀನಾಳೂ ನಕ್ಕಳು. ನಗು ಮುಗಿದ ಮೇಲೆ ತೌಸೀಫನ ಮುಂದೆ ಕಾಗದ, ಪೆನ್ನು ಇಟ್ಟಳು.

“ಇಪ್ಪತ್ತೊಂದು ಸಾವಿರ ಐತಿ. ಒಂದು ಪೈಸೆ ಹೆಚ್ಚಿಲ್ಲ. ಬರಿ.”

ತೌಸೀಫ್ ಬರೆದ. ಪ್ರೊಸೆಸರ್ ಸಾಧಾರಣದ್ದು ಸಾಕು, ಮಾನಿಟರ್ ಹಳೆಯದು ಕೊಂಡರೂ ನಡೆಯುತ್ತದೆ. “ಆದ್ರ ಭಾಬಿ, ಗ್ರಾಫಿಕ್ಸ್ ಕಾರ್ಡ್ ಬಿಡಬ್ಯಾಡ್ರಿ. ಅದಿಲ್ಲಂದ್ರ ಕಾರು ಓಡಂಗಿಲ್ಲ, ಎತ್ತಿನ ಬಂಡಿ ಹತ್ತಿದಂಗ ಆಗ್ತೈತಿ.” ಹಾಗೆ ಎಳೆದಾಡಿ ಓಡುವ ಕಾರನ್ನು ತರಬೇತಿ ಕೇಂದ್ರದಲ್ಲಿ ನೋಡಿದ್ದ ಜರೀನಾ ಆ ಸಾಲಿನ ಕೆಳಗೆ ತಾನೇ ಒಂದು ಗೆರೆ ಎಳೆದಳು. ಕೊನೆಯಲ್ಲಿ ರಫೀಕ್ ಪೆನ್ನು ಇಸಿದುಕೊಂಡು ‘ಪ್ರಿಂಟರ್’ ಎಂದು ಸೇರಿಸಿದ. ಅಂಗಡಿಯ ಬಿಲ್ಲು ಅಚ್ಚು ಹಾಕಲಿಕ್ಕಂತೆ. ಹೊಂದಿಸಿ ನೋಡಿದರೆ ಮೊತ್ತ ಸರಿಯಾಗಿ ಇಪ್ಪತ್ತೊಂದು ಸಾವಿರಕ್ಕೆ ಬಂತು. ಅವಳು ಕಾಗದ ಮಡಚಿಟ್ಟುಕೊಂಡಳು.

ಗಂಡಹೆಂಡತಿ ಬಸ್ಸಿನಲ್ಲಿ ಹೊಸಪೇಟೆಗೆ ಹೋದರು. ಅಲ್ಲಿನ ಕಂಪ್ಯೂಟರ್ ಅಂಗಡಿಯ ಮಾಲೀಕ ಅರುಣ್ ಕುಮಾರ್ ಊರು, ಕಸುಬು ವಿಚಾರಿಸಿ, ಪಟ್ಟಿ ಓದಿ ರಫೀಕನತ್ತ ತಿರುಗಿದ.

“ಗೇಮ್ ಆಡಾಕಲ್ರೀ ಇದು? ಮಗ ಎಷ್ಟನೇ ಕ್ಲಾಸು?”

“ಮಗ ಇಲ್ರೀ. ಇಬ್ರೂ ಹೆಣ್ಮಕ್ಳು.”

“ಮತ್ತ ಈ ಕಾರ್ಡು?”

ರಫೀಕ್ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. “ಹಿಂಗಾ... ಮನಿಗೆ.”

“ನನಗ್ರೀ,” ಎಂದಳು ಜರೀನಾ.

ಅರುಣ್ ಕುಮಾರ್ ತಮಾಷೆ ಕೇಳಿದವನಂತೆ ನಕ್ಕು, ಒಂದೊಂದೇ ಭಾಗವನ್ನು ಮೇಜಿನ ಮೇಲೆ ಇಡತೊಡಗಿದ. ಮುಂದೆ ನೀಲಿ ದೀಪವಿದ್ದ ಕ್ಯಾಬಿನೆಟ್ ಬಂತು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ತಗಡಿನ ಡಬ್ಬಿ ಅದರೊಳಗೇ ಬರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ ಎಂದ. ಜರೀನಾ ಆ ಡಬ್ಬಿಯನ್ನು ಬಿಚ್ಚಿಸಿ ಕೈಯಲ್ಲಿ ಎತ್ತಿ ತೂಕ ನೋಡಿದಳು.

“ಒಳಗ ಏನೂ ಇಲ್ಲಲ್ರೀ ಇದರಾಗ?”

“ನಾನೂರೈವತ್ತು ವ್ಯಾಟ್ ಐತಿ ಅಕ್ಕಾ. ಚೀಟಿ ನೋಡ್ರಿ.”

“ಚೀಟಿ ಓದಾಕ ಬರ್ತೈತ್ರೀ. ಒಳಗಿಂದು ಕೇಳಾಕ ಹತ್ತೀನಿ ನಾನು.”

ಅರುಣ್ ಕುಮಾರ್ ಕಪಾಟಿನಿಂದ ಇನ್ನೊಂದು ಭಾರದ ಡಬ್ಬಿ ತೆಗೆದು ಪಕ್ಕದಲ್ಲಿಟ್ಟ. ಅದಕ್ಕೆ ಸಾವಿರದ ಮುನ್ನೂರು ಹೆಚ್ಚು. “ಅಣ್ಣಾ, ನೀವು ರಿವೈಂಡಿಂಗ್‌ನೋರು ಅಂದ್ರಿ. ತಂತಿ ವಿಷಯ ನಿಮಗ ಗೊತ್ತಿರ್ತೈತಿ. ನೀವಾ ನೋಡಿ ಹೇಳಿಬಿಡ್ರಿ, ಅಷ್ಟು ಕೊಡೋದು ಬೇಕಾ ಅಂತ.”

ರಫೀಕ್ ಎರಡನ್ನೂ ಎತ್ತಿ, ಇಳಿಸಿ, ಗಾಳಿಕಿಂಡಿಗೆ ಕಣ್ಣಿಟ್ಟ. ಒಳಗಿನ ಸುರುಳಿಗಳು ಅವನಿಗೆ ಕಂಡವು, ಅವು ಹೇಗಿರಬೇಕು ಎಂಬುದು ಹೊಳೆಯಲಿಲ್ಲ. ಅವನು ಕೈಯಾರೆ ತಂತಿ ಸುತ್ತಿ ಹದಿನೈದು ವರ್ಷದ ಮೇಲಾಗಿತ್ತು. ಎರಡನ್ನೂ ಹೆಂಡತಿಯ ಮುಂದೆ ಸರಿಸಿದ.

“ಸುತ್ತೋದು ನಾನಲ್ರೀ, ಇಕಿ. ನಮ್ಮ ಅಂಗಡಿಗೆ ಬರೋ ಮೋಟಾರೆಲ್ಲ ಇಕಿನಾ ಸುತ್ತೋದು.”

ಈ ಮಾತನ್ನು ಅವನು ಊರಿನ ಒಬ್ಬ ಗಿರಾಕಿಯ ಮುಂದೆಯೂ ಆಡಿರಲಿಲ್ಲ. ಜರೀನಾ ಅವನ ಮುಖ ನೋಡದೆ ಹಗುರ ಡಬ್ಬಿಯನ್ನು ಬೆಳಕಿಗೆ ಹಿಡಿದಳು.

“ನೋಡ್ರಿ ಇಲ್ಲಿ. ತಂತಿ ಕೂದಲಿನಂಗ ಐತಿ. ನಾಕು ಸುತ್ತು ಹಾಕಿ ತಗಡು ಮುಚ್ಚ್ಯಾರ. ಸಂಜಿಗೆ ನಮ್ಮೂರಾಗ ಕರೆಂಟು ನೂರಾ ಎಪ್ಪತ್ತು ವೋಲ್ಟಿಗೆ ಬೀಳ್ತೈತಿ, ಹಿಟ್ಟಿನ ಗಿರಣಿ ನಿಂತ ಕೂಡ್ಲೆ ಜಿಗಿತೈತಿ. ಇದು ವಾರ ತಡಿಯಂಗಿಲ್ಲ. ಹೋಗೋವಾಗ ಕಂಪ್ಯೂಟರಿನ ಬೋರ್ಡನ್ನೂ ಸುಟ್ಟು ಹೋಗ್ತೈತಿ.”

ಅರುಣ್ ಕುಮಾರ್ ಹಗುರ ಡಬ್ಬಿಯನ್ನು ಬದಿಗೆ ಸರಿಸಿದ. ಭಾರದ ಡಬ್ಬಿಯೇ ಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಆದರೆ ಸಾವಿರದ ಮುನ್ನೂರು ಎಲ್ಲಿಂದ?

“ಕಾರ್ಡ್ ಬಿಡು,” ಎಂದ ರಫೀಕ್ ಮೆಲ್ಲಗೆ. “ಲೆಕ್ಕ ಬರಿಯಾಕ, ಹುಡುಗ್ಯಾರು ಓದಾಕ ಅದ್ಯಾಕ ಬೇಕು? ಕಂಪ್ಯೂಟರ್ ಅಂತೂ ಮನಿಗೆ ಬರ್ತೈತಲ್ಲ.”

ಕಾರ್ಡ್ ಬಿಟ್ಟರೆ ಬರುವುದು ಎಲ್ಲರ ಕಂಪ್ಯೂಟರ್. ಎಲ್ಲರದೂ ಆದ ವಸ್ತುವಿನಲ್ಲಿ ತನ್ನ ಪಾಲಿಗೆ ಉಳಿಯುವುದು ಧೂಳು ಒರೆಸುವ ಕೆಲಸ ಎಂಬುದು ಜರೀನಾಳಿಗೆ ಮನೆಗೆ ಟಿ.ವಿ. ಬಂದಾಗಲೇ ತಿಳಿದಿತ್ತು.

“ಪ್ರಿಂಟರ್ ತೆಗೀರಿ,” ಎಂದಳು ಅರುಣ್ ಕುಮಾರನಿಗೆ.

“ಲೇ, ಬಿಲ್ಲಿಗೆ ಬೇಕಲ್ಲ ಅದು...”

“ಬಿಲ್ಲು ಕೈಲೇ ಬರೀರಿ. ಎರಡು ಸಾಲು ಇರ್ತಾವ. ನಾ ಏನ್ ಮಷೀನ್ ಇಟ್ಕೊಂಡು ತಂತಿ ಸುತ್ತತೀನೇನು?”

ಅರುಣ್ ಕುಮಾರ್ ಕೆಳಗಿನ ಡ್ರಾಯರಿನಲ್ಲಿ ಏನನ್ನೋ ಹುಡುಕತೊಡಗಿದ. ರಫೀಕ್ ಗಡ್ಡ ಕೆರೆದುಕೊಂಡ. ಆಗ ತಾನೇ ಅಂಗಡಿಯವನೆದುರು ಆಡಿದ ಮಾತು ಅವನ ಮುಂದೆಯೇ ನಿಂತಿತ್ತು.

“ತೆಗೀರಿ ಸಾವ್ಕಾರ್ರ,” ಎಂದ ಕೊನೆಗೆ. “ನಮ್ಮ ಕಡೆ ಬಿಲ್ಲು ಕೇಳೋನಾದ್ರೂ ಯಾವನು?”

ಉಳಿದ ದುಡ್ಡಿಗೆ ಜರೀನಾ ಕಾರು ಸರಾಗ ಓಡಲೆಂದು ಇನ್ನೊಂದು ಪಟ್ಟಿ ರ‍್ಯಾಮ್ ಹಾಕಿಸಿಕೊಂಡಳು.

ಮರುದಿನ ರಫೀಕ್ ಮುಂದಿನ ಕೋಣೆಯಲ್ಲಿ ಮೇಜು ಸರಿಸಿ ಜಾಗ ಮಾಡಿದ್ದ. ಅವಳು ಪೆಟ್ಟಿಗೆಗಳನ್ನು ಅಲ್ಲಿ ಇಳಿಸದೆ ತನ್ನ ಹಿಂದಿನ ಕೋಣೆಗೆ ಒಯ್ದಳು. ಸಂಜೆ ಐದಕ್ಕೆ ಅಚ್ಚನ್ನು ಬದಿಗಿಟ್ಟು ಆಟಕ್ಕೆ ಕೂತಳು. ಗಿರಣಿ ಶುರುವಾದಾಗ ಬಲ್ಬು ಕೆಂಪಗಾಯಿತು. ಕಾರು ಮಾತ್ರ ನಿಲ್ಲಲಿಲ್ಲ.

ಮೊದಲ ಮೂರು ಸಂಜೆ ಯಾರಾದರೊಬ್ಬರು ಕರೆದರು, ಅವಳು ಎದ್ದಳು. ನಾಲ್ಕನೆಯ ಸಂಜೆ ಜೋಹರಾಬಿ ಬಾಗಿಲಲ್ಲಿ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಕೂತರು. ಮತ್ತೆ ಸ್ವಲ್ಪ ಹೊತ್ತಿಗೆ, ಸೊಸೆ ಆರಿಸಬೇಕಿದ್ದ ಅಕ್ಕಿಯ ಮೊರವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಒಂದು ಕಣ್ಣು ಕಲ್ಲಿನ ಮೇಲೆ, ಒಂದು ಕಣ್ಣು ಕಾರಿನ ಮೇಲೆ.

“ಆ ಹಸರು ಕಾರಿನೋನು ಅಡ್ಡ ಬರ್ತಾನ ನೋಡು, ಹಲ್ಕಟ್. ಬಿಡಬ್ಯಾಡ ಅವನ್ನ.”

“ಬಿಡಂಗಿಲ್ಲಮ್ಮಾ.”

ಆಗ ರಫೀಕ್ ಅಂಗಡಿಯಿಂದ ಬಂದ. “ಜರೀನಾ, ಚಾ.”

ಜರೀನಾಳ ಬೆರಳು ಕೀಲಿಯಿಂದ ಅರ್ಧ ಎದ್ದಿತ್ತು. ಜೋಹರಾಬಿ ತಲೆ ಎತ್ತದೆಯೇ ಕೂಗಿದರು.

“ಲೇ ರಫೀಕಾ, ಆಕಿ ಘಾಟಿನಾಗ ಅದಾಳ. ಈಗ ಇಳಿಸಿದ್ರ ಹಸರು ಕಾರಿನೋನು ಮುಂದ ಹೋಗ್ತಾನ. ನೀನಾ ಮಾಡು, ನನಗೂ ಅರ್ಧ ಕಪ್ಪು.”

ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದಾದ ಮೇಲೊಂದು ತೆರೆದ ಸದ್ದಾಯಿತು. ಬೆರಳು ಮತ್ತೆ ಕೀಲಿಯ ಮೇಲೆ ಇಳಿಯಿತು. ತಿರುವು ದಾಟಿದ ಮೇಲೆ ಜರೀನಾ ಪರದೆಯಿಂದ ಕಣ್ಣು ತೆಗೆಯದೆ, ಸಕ್ಕರೆ ಎರಡನೇ ಸಾಲಿನಾಗ ಐತಿ ಎಂದು ಕೂಗಿ ಹೇಳಿದಳು.